ಶಿವಮೊಗ್ಗ-ಭದ್ರಾವತಿ ಪ್ರದೇಶದ ಅಪಘಾತ ಪರಿಹಾರದ ಅರ್ಜಿಗಳು: ಒಂದು ಚಾರಿತ್ರಿಕ ವಿವೇಚನೆ

1923ನೆಯ ಇಸವಿಯ ಜನವರಿಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಿತು. ಅದೇ ವರ್ಷದ ಮಾರ್ಚ್ 5ರಂದು ಬ್ರಿಟಿಷ್ ಇಂಡಿಯಾದ ಕಾರ್ಮಿಕ ಪರಿಹಾರ ಶಾಸನಕ್ಕೆ ಅಂಕಿತ ಬಿದ್ದಿತು. ಮರುವರ್ಷದ ಜುಲೈ 1ರಿಂದ ಅದು ಜಾರಿಗೆ ಬಂದಿತು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿರಲಿಲ್ಲ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರು ಮೈಸೂರು ಒಡೆಯರ ಸಂಸ್ಥಾನಕ್ಕೆ ಸೇರಿದ್ದಾದ್ದರಿಂದ ಬ್ರಿಟಿಷ್ ಇಂಡಿಯಾದ ಶಾಸನ ಅಲ್ಲಿಗೆ ತಾನಾಗಿ ಅನ್ವಯಿಸುವಂತಿರಲಿಲ್ಲ. ಮುಂದೆ ಮೈಸೂರು ಸಂಸ್ಥಾನವೂ ಅದೇ ಮಾದರಿಯ ಶಾಸನವೊಂದನ್ನು ಮಾಡಿಕೊಂಡಿತು. 1951ರಲ್ಲಿ ಕೇಂದ್ರದ ಶಾಸನವೇ ಇಲ್ಲಿಗೂ ವಿಸ್ತರಿಸಲ್ಪಟ್ಟಿತು.

ಭದ್ರಾವತಿಯ ಕಾರ್ಖಾನೆಯನ್ನು ಕುರಿತು ನಮ್ಮಲ್ಲಿ ಬರವಣಿಗೆ ಕಡಮೆಯೇನೂ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿ, ಕೆಮ್ಮಣ್ಣುಗುಂಡಿಯ ಅದಿರು, ಕಲ್ಲಿದ್ದಲಿಲ್ಲದ ನಾಡಿನಲ್ಲಿ ಸೌದೆಯ ಇದ್ದಲಿನಿಂದ ಕಬ್ಬಿಣ ಕರಗಿಸಿದ ಸಾಹಸ, ಇವೆಲ್ಲ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿಗಳು. ಆದರೆ ಆ ಬೆಂಕಿಯ ಬಳಿ ನಿಂತವನ ಕೈಕಾಲುಗಳ ಚರಿತ್ರೆ ಎಲ್ಲಿದೆ? ಉತ್ಪಾದನೆಯ ಟನ್ನುಗಳನ್ನು ಎಣಿಸುವ ವಾರ್ಷಿಕ ವರದಿಗಳಲ್ಲಿ ಅದು ದೊರೆಯುವುದಿಲ್ಲ. ಅದು ದೊರೆಯುವುದಾದರೆ ಗಾಯಗೊಂಡವನು ಪರಿಹಾರ ಕೋರಿ ಸಲ್ಲಿಸಿದ ಅರ್ಜಿಯಲ್ಲಿ. ಅಕ್ಷರ ತಿಳಿಯದ ಕೂಲಿಕಾರನು ತನ್ನ ಕೆಲಸ, ಕೂಲಿ, ವಯಸ್ಸು, ಮನೆಯ ಮಂದಿ, ಪೆಟ್ಟು ಬಿದ್ದ ಗಳಿಗೆ ಇವನ್ನು ಸರ್ಕಾರದ ಕಡತದಲ್ಲಿ ನಮೂದಿಸಲು ದೊರೆತ ಕೆಲವೇ ಸಂದರ್ಭಗಳಲ್ಲಿ ಇದೊಂದು. ಇಂಥ ಅರ್ಜಿಯನ್ನು ಚರಿತ್ರೆಯ ಆಕರವೆಂದು ಓದುವ ಬಗೆ ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಗಾಯಕ್ಕೂ ಸಾವಿಗೂ ಬೆಲೆ ಕಟ್ಟಿಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯನ್ನು ನಮ್ಮ ಶಾಸನಗಳು ನೆತ್ತರುಗೊಡಗೆ ಎಂದು ಕರೆಯುತ್ತವೆ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಎರಡು ಶಾಸನ ಸಂಪುಟಗಳನ್ನು ತಿರುವಿದವರಿಗೆ ಈ ಸೀಮೆಯಲ್ಲಿ ತುರುಗಾಳಗದ ವೀರಗಲ್ಲುಗಳು ಎಷ್ಟು ದಟ್ಟವಾಗಿವೆಯೆಂಬುದು ತಿಳಿದೇ ಇದೆ. ಆದರೆ ನೆತ್ತರುಗೊಡಗೆಯನ್ನು ಪ್ರಭು ಮೆಚ್ಚಿ ಕೊಡುತ್ತಿದ್ದನು. ಸತ್ತವನ ಹೆಂಡತಿ ಅದನ್ನು ವಾದಿಸಿ ಪಡೆಯುವಂತಿರಲಿಲ್ಲ. ಅಲ್ಲದೆ ಅದು ಕತ್ತಿ ಹಿಡಿದವನಿಗೆ ಸಲ್ಲುತ್ತಿದ್ದ ಗೌರವ. ಕೆರೆಯ ಏರಿ ಕುಸಿದು ಮಣ್ಣಿನಡಿ ಸಿಕ್ಕಿದ ಒಡ್ಡನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಇಂಗ್ಲಿಷರ ನ್ಯಾಯಪದ್ಧತಿ ಬಂದ ಮೇಲೂ ಕೂಲಿಕಾರನ ಸ್ಥಿತಿ ಬಹುಕಾಲ ಹಾಗೆಯೇ ಇದ್ದಿತು. 1855ರ ಮಾರಕ ಅಪಘಾತಗಳ ಶಾಸನದಂತೆ ಮೃತನ ಹೆಂಡತಿ ಮಕ್ಕಳು ದಾವೆ ಹೂಡಬಹುದಾಗಿತ್ತು. ಆದರೆ ಯಜಮಾನನ ತಪ್ಪನ್ನು ಅವರೇ ರುಜುವಾತುಪಡಿಸಬೇಕಾಗಿತ್ತು. ಜೊತೆಗೆಲಸದವನ ಅಜಾಗರೂಕತೆಯಿಂದ ಪೆಟ್ಟಾದರೆ ಯಜಮಾನ ಹೊಣೆಯಲ್ಲ ಎಂಬ ತತ್ತ್ವವನ್ನು ಇಂಗ್ಲೆಂಡಿನ ನ್ಯಾಯಾಲಯಗಳು 1837ರಿಂದ ಹಿಡಿದುಕೊಂಡಿದ್ದವು. ನೂರಾರು ಜನ ಒಟ್ಟಾಗಿ ದುಡಿಯುವ ಕಾರ್ಖಾನೆಯಲ್ಲಿ ಜೊತೆಗೆಲಸದವನ ಕೈ ತಾಗದ ಅಪಘಾತ ಯಾವುದು! ಜರ್ಮನಿಯು 1884ರಲ್ಲಿ ವಿಮೆಯ ಮೂಲಕ, ಇಂಗ್ಲೆಂಡು 1897ರಲ್ಲಿ ನೇರ ಶಾಸನದ ಮೂಲಕ ಈ ತೊಡಕನ್ನು ಬಿಡಿಸಿದವು. ತಪ್ಪು ಯಾರದೆಂಬ ಪ್ರಶ್ನೆಯನ್ನು ಬದಿಗಿಟ್ಟು, ಪೆಟ್ಟು ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಆದದ್ದೇ ಎಂಬುದೊಂದನ್ನೇ ಕೇಳುವ ಈ ಹೊಸ ದೃಷ್ಟಿ 1923ರಲ್ಲಿ ಭಾರತಕ್ಕೆ ಬಂದಿತು.

ಆ ಶಾಸನದ ಮೊದಲ ಅನುಸೂಚಿಯು ವಿಚಿತ್ರವಾದ ಬೆಲೆಪಟ್ಟಿ. ಬಲತೋಳು ಮೊಣಕೈಗೆ ಅಥವಾ ಅದಕ್ಕಿಂತ ಮೇಲೆ ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 70 ನಷ್ಟ, ಎಡತೋಳಾದರೆ 60. ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಬೆರಳು ಒಂದಕ್ಕೆ 5. ಪೂರ್ಣ ಅಶಕ್ತನಾದವನಿಗೆ 42 ತಿಂಗಳ ಸಂಬಳ, ಸತ್ತವನ ಅವಲಂಬಿಗಳಿಗೆ 30 ತಿಂಗಳ ಸಂಬಳ; ಎರಡಕ್ಕೂ ಮೇಲ್ಮಿತಿಯುಂಟು. ತಿಂಗಳಿಗೆ 20 ರೂಪಾಯಿ ಪಡೆಯುವವನ ಜೀವಕ್ಕೆ 600 ರೂಪಾಯಿ, ಬಲತೋಳಿಗೆ 588, ಎಡತೋಳಿಗೆ 504, ಹೆಬ್ಬೆರಳಿಗೆ 210. ಎಡಚನ ಗತಿಯೇನೆಂದು ಪಟ್ಟಿ ಮಾಡಿದವರು ಯೋಚಿಸಿದಂತೆ ಕಾಣುವುದಿಲ್ಲ. 1962ರ ತಿದ್ದುಪಡಿಯಲ್ಲಿ ಈ ಪಟ್ಟಿಯನ್ನು ಬದಲಾಯಿಸಿ ಎಡಬಲದ ಭೇದವನ್ನು ತೆಗೆದುಹಾಕಿದರು. ಹೆಬ್ಬೆಟ್ಟಿನ ಗುರುತನ್ನೇ ರುಜುವೆಂದು ನಂಬಿದ್ದ ಜನರಲ್ಲಿ ಹೆಬ್ಬೆರಳು ಕಳೆದುಕೊಂಡವನು ಅರ್ಜಿಗೆ ಒತ್ತಬೇಕಾದದ್ದು ಇನ್ನೊಂದು ಹೆಬ್ಬೆರಳನ್ನು.

ಬೆಲೆಗಿಂತ ಜಟಿಲವಾದ ಪ್ರಶ್ನೆ, ಈ ಪಟ್ಟಿ ಯಾರಿಗೆ ಅನ್ವಯಿಸುತ್ತದೆ ಎಂಬುದು. ಭದ್ರಾವತಿಯ ಕುಲುಮೆ ಇದ್ದಲನ್ನು ಉಣ್ಣುತ್ತಿದ್ದುದರಿಂದ ಅದರ ದುಡಿಮೆಯ ದೊಡ್ಡ ಭಾಗ ಕಾರ್ಖಾನೆಯ ಗೋಡೆಯಾಚೆ, ಮಲೆನಾಡಿನ ಕಾಡಿನಲ್ಲಿ ನಡೆಯುತ್ತಿತ್ತು. ಮರ ಕಡಿದು ಸಾಗಿಸುತ್ತಿದ್ದವರಿಗೆ ಕಣ್ಣೆದುರಿನ ಯಜಮಾನ ಕಂತ್ರಾಟುದಾರ. ಇಂಥಲ್ಲಿ ಕಂತ್ರಾಟುದಾರನ ಆಳಿಗೂ ಮೂಲ ಯಜಮಾನನೇ ಮೊದಲು ಪರಿಹಾರ ಕೊಟ್ಟು, ಬಳಿಕ ಕಂತ್ರಾಟುದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು ಕೇಂದ್ರ ಶಾಸನದ 12ನೆಯ ಪ್ರಕರಣ ವಿಧಿಸಿತ್ತು. ಕಾಗದದ ಮೇಲೆ ಇದು ಉದಾರವಾದ ವಿಧಿ. ಆದರೆ ತಾನು ಯಾರ ಕೆಲಸಕ್ಕಾಗಿ ಮರ ಕಡಿಯುತ್ತಿದ್ದೆನೆಂಬುದನ್ನು ಆಳು ತೋರಿಸಿಕೊಡಬೇಕಾಗಿತ್ತು. ಕ್ರಮೇಣ ವಿಸ್ತಾರಗೊಂಡ ಎರಡನೆಯ ಅನುಸೂಚಿಯಲ್ಲಿ ಮರ ಕಡಿಯುವವರು, ಕಾಡ್ಗಿಚ್ಚು ಆರಿಸುವವರು, ಆನೆ ಹಿಡಿಯುವವರು, ಆನೆ ಪಳಗಿಸುವವರು ಸೇರಿದರು. ಸಕ್ರೆಬೈಲಿನ ಮಾವುತರನ್ನು ಬಲ್ಲ ನಮಗೆ ಇದು ಆಶ್ಚರ್ಯವಲ್ಲ. ಶೇಂದಿ ಇಳಿಸಲು ಮರ ಹತ್ತುವವನೂ ಅಲ್ಲಿದ್ದಾನೆ. ಮಲೆನಾಡಿನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೂಗಿಕೊಂಡು ಹೋಗುವ ಕೊನೆಗೌಡನ ಹೆಸರನ್ನು ಮಾತ್ರ ಆ ಕೇಂದ್ರ ಅನುಸೂಚಿ ಹೇಳಲಿಲ್ಲ. ಒಂದೇ ಎತ್ತರದಿಂದ ಬಿದ್ದರೂ ಹೆಂಡದ ಮರಕ್ಕೆ ಒಂದು ನ್ಯಾಯ, ಅಡಿಕೆ ಮರಕ್ಕೆ ಇನ್ನೊಂದು. ಸುಂಕದ ದೃಷ್ಟಿಯಿಂದ ಹೆಂಡವನ್ನು ಕಂಡ ಸರ್ಕಾರಕ್ಕೆ ಹೆಂಡ ಇಳಿಸುವವನೂ ಕಂಡನೆಂದು ನನ್ನ ಊಹೆ.

ಪೆಟ್ಟು ಕಣ್ಣಿಗೆ ಕಾಣದ ಕಡೆ ವಾದ ಇನ್ನೂ ಕಠಿಣ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಎದೆಗೂಡನ್ನು ತಿನ್ನುವ ಸಿಲಿಕೋಸಿಸ್ ರೋಗವನ್ನು ಪರಿಹಾರಯೋಗ್ಯವೆಂದು ಮೈಸೂರು ಸರ್ಕಾರ 1940ರಲ್ಲಿ ಒಪ್ಪಿಕೊಂಡಿತು. ಗಣಿಗಾರಿಕೆ ಆರಂಭವಾಗಿ ಆಗಲೇ ಅರ್ಧಶತಮಾನ ಕಳೆದಿತ್ತು.

ಇನ್ನು ಅರ್ಜಿಯ ರಚನೆಗೆ ಬರೋಣ. ಅರ್ಜಿದಾರನು ನಿರಕ್ಷರಿಯಾಗಿದ್ದು ಅಪೇಕ್ಷಿಸಿದರೆ ಕಮಿಷನರನ ಮೇಲ್ವಿಚಾರಣೆಯಲ್ಲೇ ಅರ್ಜಿಯನ್ನು ಬರೆದುಕೊಡತಕ್ಕದ್ದೆಂದು ಶಾಸನದ 22ನೆಯ ಪ್ರಕರಣ ಹೇಳುತ್ತಿತ್ತು. ಹೀಗಾಗಿ ಕಡತದಲ್ಲಿ ನಾವು ಕೇಳುವ ಧ್ವನಿ ಪೂರ್ತಿಯಾಗಿ ಕಾರ್ಮಿಕನದಲ್ಲ. ಅದು ಗುಮಾಸ್ತನ ಅಥವಾ ವಕೀಲರ ಲೇಖನಿಯನ್ನು ಹಾದುಬಂದದ್ದು. 'ಕೈ ಸಿಕ್ಕಿಕೊಂಡಿತು' ಎಂದು ಅವನು ಹೇಳಿದ್ದು 'ಕರ್ತವ್ಯನಿರತನಾಗಿದ್ದಾಗ್ಗೆ ಯಂತ್ರದ ಚಾಲನೆಯಿಂದ ಗಾಯಗೊಂಡನು' ಎಂದಾಗುತ್ತದೆ. ಎದುರುಪಕ್ಷದ ಉತ್ತರವೂ ಅಚ್ಚಿನಲ್ಲಿ ಎರೆದಂತೆಯೇ: ಈತ ನಮ್ಮ ಆಳಲ್ಲ, ಆಳಾದರೂ ಆ ದಿನ ಕೆಲಸಕ್ಕೆ ಬಂದಿರಲಿಲ್ಲ, ಬಂದಿದ್ದರೂ ಕುಡಿದಿದ್ದ ಅಥವಾ ಬೇಕೆಂದೇ ಕಟ್ಟಳೆ ಮೀರಿದ. ಶಾಸನವೇ ಕಲ್ಪಿಸಿದ ವಿನಾಯಿತಿಗಳಿಗೆ ತಕ್ಕಂತೆ ಈ ಉತ್ತರಗಳು ರೂಪುಗೊಂಡವೆಂಬುದನ್ನು ಓದುಗನು ಮರೆಯಬಾರದು. ವಾದಿ ಪ್ರತಿವಾದಿಗಳ ಈ ಸಿದ್ಧವಾಕ್ಯಗಳನ್ನು ಸರಿಸಿ, ಸಾಕ್ಷಿಗಳ ಪಾಟೀಸವಾಲಿನಲ್ಲಿ ಅಕಸ್ಮಾತ್ತಾಗಿ ಹೊರಬೀಳುವ ವಿವರಗಳನ್ನು ಹಿಡಿಯಬೇಕು. ಪಾಳಿ ಎಷ್ಟು ಗಂಟೆಗೆ ಬದಲಾಗುತ್ತಿತ್ತು, ಕನ್ನಡಕ ಕೊಟ್ಟಿದ್ದರೋ ಇಲ್ಲವೋ, ಕೂಲಿಯನ್ನು ಬಟವಾಡೆ ಮಾಡುತ್ತಿದ್ದವನು ಯಾರು ಎಂಬ ಇಂಥ ಮಾತುಗಳೇ ನಮಗೆ ಬೇಕಾದವು.

ಕಡತ ಹೇಳದ್ದನ್ನು ಬದುಕಿರುವವರು ಹೇಳಬಲ್ಲರು. ಶಿವಮೊಗ್ಗದ ವಿನೋಬನಗರದಲ್ಲಿ ಕೂಲಿ ಮಾಡಿ ಮನೆ ಕಟ್ಟಿಕೊಂಡವರೂ ನೌಕರಿಯಿಂದ ನಿವೃತ್ತರಾದವರೂ ಅಕ್ಕಪಕ್ಕದಲ್ಲಿದ್ದಾರೆ. ಅಲ್ಲಿನ ಒಬ್ಬ ವೃದ್ಧರು ಎಂಬತ್ತರ ದಶಕದಲ್ಲಿ, ನಮ್ಮವರು ಫೌಂಡ್ರಿ ಎಂದೇ ಕರೆಯುವ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ ಅಚ್ಚಿಗೆ ಲೋಹ ಹೊಯ್ಯುತ್ತಿದ್ದರು. ಕಾದ ಲೋಹ ಸಿಡಿದು ಎಡಗಣ್ಣಿನ ದೃಷ್ಟಿ ಹೋಯಿತು. ಆಸ್ಪತ್ರೆಗೆ ಕರೆದೊಯ್ದವನು ಮೇಸ್ತ್ರಿ. ವೈದ್ಯರಿಗೆ ಉತ್ತರ ಕೊಟ್ಟವನೂ ಅವನೇ. "ಮೇಷ್ಟ್ರೇ, ಕಣ್ಣು ಹೋದದ್ದು ಕುಲುಮೆ ಹತ್ತಿರ, ಚೀಟಿಯಲ್ಲಿ ಬರೆದದ್ದು ಬಚ್ಚಲುಮನೆ ಒಲೆ ಹತ್ತಿರ" ಎಂದು ಅವರು ನನಗೆ ಹೇಳಿದರು. ಆ ಒಂದು ಸಾಲನ್ನು ಅಳಿಸಲು ಅವರು ಮೂರು ವರ್ಷ ಅಲೆದರು. ಜೊತೆಗಿದ್ದ ನಾಲ್ವರಲ್ಲಿ ಸಾಕ್ಷಿಗೆ ಬಂದವನು ಒಬ್ಬ, ಅವನೂ ಆ ವೇಳೆಗೆ ಕೆಲಸ ಬಿಟ್ಟಿದ್ದವನು. 1984ರ ತಿದ್ದುಪಡಿಯ ಲೆಕ್ಕದಂತೆ ತಿಂಗಳಿಗೆ 800 ರೂಪಾಯಿ ಪಡೆಯುವ 30 ವರ್ಷದವನು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರೆ, ಸಂಬಳದ ಅರ್ಧವನ್ನು 207.98ರಿಂದ ಗುಣಿಸಿ ಅದರ ಶೇಕಡಾ 30, ಎಂದರೆ 24,957 ರೂಪಾಯಿ 60 ಪೈಸೆ ಸಲ್ಲಬೇಕು. ಅವರು ಅದಕ್ಕಿಂತ ಬಹಳ ಕಡಮೆಗೆ ರಾಜಿಯಾದರು. ರಾಜಿಯಾದದ್ದೇಕೆಂದು ಕೇಳಿದಾಗ ಅವರು ಹಣದ ಮಾತನ್ನೇ ಎತ್ತಲಿಲ್ಲ. ರಾಜಿಯ ಕಾಗದದಲ್ಲಿ ಕಾರ್ಖಾನೆಯ ಹೆಸರು ಬಂದಿತಲ್ಲ, ಸಾಕು ಎಂದರು.

ಅನುಸೂಚಿಯ ಸಂಖ್ಯೆಯೇ ಅಂತಿಮವೇ ಎಂಬುದು ಇಂಥ ಅರ್ಜಿಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ಒರಿಸ್ಸಾದ ಒಬ್ಬ ಬಡಗಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1975ರ ಡಿಸೆಂಬರಿನಲ್ಲಿ ಇದನ್ನು ವಿಚಾರಿಸಿತು. ಎಡತೋಳನ್ನು ಮೊಣಕೈಗಿಂತ ಮೇಲೆ ಕತ್ತರಿಸಲಾಗಿತ್ತು; ಅದು ಆಂಶಿಕ ನಷ್ಟವೆಂದು ಯಜಮಾನ ವಾದಿಸಿದನು. ಒಂಟಿ ಕೈಯಲ್ಲಿ ಬಡಗಿಯ ಕೆಲಸ ಸಾಗದಾದ್ದರಿಂದ ನಷ್ಟ ಪೂರ್ಣವೇ ಎಂಬ ತೀರ್ಮಾನವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಪರಿಹಾರ ಸಲ್ಲತಕ್ಕದ್ದು ಅಪಘಾತವಾದ ದಿನದಿಂದಲೇ, ತೀರ್ಪಾದ ದಿನದಿಂದಲ್ಲ ಎಂದೂ ಹೇಳಿತು. ಶರೀರವನ್ನು ಅಳೆಯುತ್ತಿದ್ದ ಪಟ್ಟಿಯ ಪಕ್ಕದಲ್ಲಿ ಹೀಗೆ ಕಸುಬನ್ನು ಅಳೆಯುವ ಕೋಲೊಂದು ನಿಂತಿತು. ಆ ಬಳಿಕ ಅರ್ಜಿದಾರರು ತಮ್ಮ ಕಸುಬನ್ನು ಹೆಚ್ಚು ವಿವರವಾಗಿ ಬಣ್ಣಿಸಲೇಬೇಕಾಯಿತು. ಚರಿತ್ರೆಯ ವಿದ್ಯಾರ್ಥಿಗೆ ಇದರಿಂದ ಲಾಭವೇ ಆಗಿದೆ.

ಪರಿಹಾರದ ಜೊತೆಜೊತೆಗೇ ದಯೆಯ ಹಳೆಯ ರೂಢಿಯೂ ಉಳಿದುಕೊಂಡಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕಲ್ಲುಗಣಿಯ ಸ್ಫೋಟಕಗಳು ಸಿಡಿದು ಜನ ಸತ್ತಾಗ, ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಸರ್ಕಾರ ಘೋಷಿಸಿತು. ಅಂದಿನ ದುಃಖದಲ್ಲಿ ಅದು ಉಚಿತವಾದದ್ದೇ. ಆದರೂ ಇಂಥ ಘೋಷಣೆಗೂ ಅರ್ಜಿಗೂ ಇರುವ ಅಂತರವನ್ನು ಗಮನಿಸಬೇಕು. ಘೋಷಣೆಯಲ್ಲಿ ಸತ್ತವನು ಒಂದು ಸಂಖ್ಯೆ. ಸತ್ತವನ ದುಡಿಮೆ ಎಂಥದು, ದಿನಗೂಲಿ ಎಷ್ಟು, ಯಜಮಾನ ಯಾರು ಎಂಬುದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಬರೆಯುವುದೂ ಇಲ್ಲ.

1923ರ ಶಾಸನಕ್ಕೆ 2009ರಲ್ಲಿ ಹೆಸರು ಬದಲಾಯಿತು. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಅದರ ಸ್ಥಾನವನ್ನು ಆಕ್ರಮಿಸಿತು. ಮನೆಗೂ ಕೆಲಸಕ್ಕೂ ನಡುವಣ ದಾರಿಯಲ್ಲಾಗುವ ಅಪಘಾತವನ್ನೂ ಕೆಲವು ಷರತ್ತಿಗೆ ಒಳಪಟ್ಟು ಹೊಸ ಸಂಹಿತೆ ಒಳಗೊಳ್ಳುತ್ತದೆ. ನೂರೊಂದು ವರ್ಷ ನಡೆದ ಶಾಸನದ ಕಡತಗಳು ಈಗ ಮುಗಿದುಹೋದ ಒಂದು ಯುಗದ ದಾಖಲೆಗಳು. ಭದ್ರಾವತಿಯ ಕಾಗದದ ಕಾರ್ಖಾನೆ ಕಳೆದ ದಶಕದಲ್ಲೇ ಉತ್ಪಾದನೆ ನಿಲ್ಲಿಸಿದೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದು ದೊಡ್ಡ ಹೋರಾಟಕ್ಕೆ ಕಾರಣವಾಯಿತು. ಇಂಥ ಸ್ಥಳಗಳಲ್ಲಿ ಅಪಘಾತದ ಪುಸ್ತಕಗಳು ಹರಾಜಿನ ರದ್ದಿಗೆ ಸೇರುವ ಮುನ್ನವೇ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಅವುಗಳ ಪಟ್ಟಿ ಮಾಡತಕ್ಕದ್ದು. ಪರಿಹಾರದ ವಿಚಾರಣೆಗಳು ಕಾರ್ಮಿಕ ಅಧಿಕಾರಿಗಳಿಂದ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ವರ್ಗವಾಗಿದ್ದುದರಿಂದ ಕಡತಗಳು ಎರಡು ಕಡೆ ಹಂಚಿಹೋಗಿವೆ ಎಂಬುದನ್ನೂ ಹುಡುಕುವವರು ನೆನಪಿಡಬೇಕು.

ಮನೆಗಳಲ್ಲಿರುವ ಕಾಗದಗಳೂ ಉಪೇಕ್ಷಣೀಯವಲ್ಲ. ವಿನೋಬನಗರದಲ್ಲೇ, ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿಯೊಬ್ಬರ ವಿಧವೆ ಒಂದು ಕೈಚೀಲವನ್ನು ನನ್ನ ಮುಂದೆ ಬಿಚ್ಚಿದರು. ಅಂಗಡಿಗಳು ಹಲವು, ಕೂಲಿ ಹಂಚುವವನು ಗುಂಪಿನ ಹಿರಿಯ. ಹಾಗಾದರೆ ಯಜಮಾನ ಯಾರು? ವಿಚಾರಣೆಯೆಲ್ಲ ನಡೆದದ್ದು ಈ ಒಂದು ಮಾತಿನ ಮೇಲೆಯೇ. ಮೂಟೆಗಳ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಗುರುತುಹಾಕಿದ್ದ, ಅಂಗಡಿಯ ಮೊಹರಿದ್ದ ತುಂಡು ಚೀಟಿಯೊಂದು ಅದನ್ನು ತೀರ್ಮಾನಿಸಿತು. ಸತ್ತವನ ಪರಿಹಾರವನ್ನು ಯಜಮಾನ ನೇರವಾಗಿ ಕೈಗೆ ಕೊಡದೆ ಕಮಿಷನರರಲ್ಲೇ ಠೇವಣಿ ಇಡಬೇಕೆಂಬ ವಿಧಿ ಆಕೆಯನ್ನು ಕಾಪಾಡಿತು. ಅದೇ ವಿಧಿ ಹೆಂಗಸರನ್ನೂ ಅಪ್ರಾಪ್ತವಯಸ್ಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತ್ತೆಂಬುದು ಬೇರೆ ಮಾತು. ಚೀಲದಲ್ಲಿ ಆದೇಶದ ನಕಲು, ಶವಪರೀಕ್ಷೆಯ ವರದಿ, ಪಡಿತರ ಚೀಟಿಯ ಜೆರಾಕ್ಸ್, ಮಗನ ಹೆಸರಿನಲ್ಲಿ ಹದಿನೆಂಟು ತುಂಬುವವರೆಗೆ ಇಟ್ಟ ಠೇವಣಿಯ ರಶೀದಿ ಇದ್ದವು. ಪೆನ್ಸಿಲಿನ ಆ ಚೀಟಿ ಮಾತ್ರ ಇರಲಿಲ್ಲ. ನ್ಯಾಯಾಲಯದ ಕಡತಕ್ಕೆ ಸೇರಿದ್ದನ್ನು ಆಕೆ ಮರಳಿ ಕೇಳಲು ಹೋಗಿರಲಿಲ್ಲ.