ಹಾಸಿಗೆ ಬಿಟ್ಟೇಳೋಕೆ ನೂರು ವರ್ಷ

ಆಪರೇಷನ್ ಆದಮೇಲೆ ಮಲಗಿರೋದೇ ಮದ್ದು ಅನ್ನೋ ಹಿರಿಯರನ್ನ ನೋಡಿ ನಗಬೇಡಿ. ಒಂದು ಕಾಲಕ್ಕೆ ಲಂಡನ್ನಿನ ದೊಡ್ಡ ಸರ್ಜನ್‌ಗಳೂ ಅದನ್ನೇ ಹೇಳ್ತಿದ್ರು.

1863ರಲ್ಲಿ ಜಾನ್ ಹಿಲ್ಟನ್ ಎಂಬ ಸರ್ಜನ್ ವಿಶ್ರಾಂತಿಯ ಮಹಿಮೆ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ನೋವಾದ ಜಾಗವನ್ನ ಅಲುಗಾಡಿಸದಿದ್ದರೆ ದೇಹ ತಾನೇ ವಾಸಿಮಾಡಿಕೊಳ್ಳುತ್ತೆ ಅನ್ನೋದು ಅವನ ವಾದ. ಲಿವರ್‌ಪೂಲ್‌ನ ಹ್ಯೂ ಓವೆನ್ ಥಾಮಸ್ ಕೀಲುನೋವಿನವರ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ, ತಿಂಗಳುಗಟ್ಟಲೆ ಮಂಡಿ ಮಡಚದ ಹಾಗೆ ಮಾಡ್ತಿದ್ದ. ಆಂಟಿಬಯಾಟಿಕ್ ಇಲ್ಲದ ಕಾಲ, ಕೀಲಿಗೆ ಕ್ಷಯ ಬರ್ತಿದ್ದ ಕಾಲ. ಅವರ ಮಾತಲ್ಲಿ ಅರ್ಥವಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಆಸ್ಪತ್ರೆಗಳಲ್ಲಿ ಹಾಸಿಗೆಗೂ ಬರ, ನರ್ಸ್‌ಗಳಿಗೂ ಬರ. ರೋಗಿಗಳನ್ನ ಬೇಗ ಎಬ್ಬಿಸಬೇಕಾಯ್ತು. ಎದ್ದವರು ಚೆನ್ನಾಗೇ ಚೇತರಿಸಿಕೊಂಡ್ರು. 1947ರಲ್ಲಿ ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯ ಮಲಗಿರುವುದರ ಅಪಾಯಗಳನ್ನೇ ಪಟ್ಟಿ ಮಾಡಿದ: ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು, ಬೆನ್ನುಹುಣ್ಣು, ಸೊರಗುವ ಸ್ನಾಯು, ಬಿಗಿಯಾಗುವ ಕೀಲು, ಕುಗ್ಗುವ ಮನಸ್ಸು.

ಇನ್ನೊಂದು ಪ್ರಯೋಗ ನಮ್ಮಂಥವರಿಗೇ ಮಾಡಿದಂತಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ಆಸುಪಾಸಿನ ಐವರು ಯುವಕರನ್ನ ಮೂರು ವಾರ ಹಾಸಿಗೇಲಿ ಮಲಗಿಸಿದ್ರು. 30 ವರ್ಷ ಕಳೆದ ಮೇಲೆ ಅದೇ ಐವರನ್ನ ಮತ್ತೆ ಪರೀಕ್ಷಿಸಿದ್ರು. ದೈಹಿಕ ಶ್ರಮದ ಸಾಮರ್ಥ್ಯ 30 ವರ್ಷಗಳ ವಯಸ್ಸಿಗಿಂತ ಆ ಮೂರು ವಾರಗಳಲ್ಲೇ ಹೆಚ್ಚು ಕುಸಿದಿತ್ತು! 20ರ ಹುಡುಗರ ಕಥೆಯೇ ಹೀಗಾದರೆ 65ರ ಅಮ್ಮನ ಕಥೆ?

1974ರಲ್ಲಿ ನ್ಯೂಯಾರ್ಕ್‌ನಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರು ಇಂದಿನ ಕೃತಕ ಮಂಡಿಗಳಿಗೆ ಮಾದರಿಯಾದ ಕೀಲನ್ನ ಬಳಕೆಗೆ ತಂದ್ರು. ಕೀಲು ಗಟ್ಟಿಯಾಗಿ ಕೂತಿತು. ಆದರೆ ಅದನ್ನ ಮಡಚೋರು ಯಾರು? ಟೊರಾಂಟೊದ ರಾಬರ್ಟ್ ಸಾಲ್ಟರ್ ಕೀಲು ಅಲುಗಾಡುತ್ತಿದ್ದರೇ ಚೆನ್ನಾಗಿ ಮಾಯುತ್ತೆ ಅಂತ ಮೊಲಗಳಲ್ಲಿ ತೋರಿಸಿದ್ದ. ಆ ಯೋಚನೆಯಿಂದ, ರೋಗಿ ಮಲಗಿದ್ದಂತೆಯೇ ಕಾಲನ್ನ ಮಡಚಿ ಬಿಡಿಸೋ ಯಂತ್ರ ಬಂತು. 80ರ ದಶಕದಲ್ಲಿ ಮಂಡಿ ಆಪರೇಷನ್ ಆದವರಿಗೂ ಹಾಕಿದ್ರು. ಮುಂದೆ ಹಲವು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಲಾಭ ತೀರಾ ಅಲ್ಪ. 90ರ ದಶಕದಲ್ಲಿ ಡೆನ್ಮಾರ್ಕ್‌ನ ಹೆನ್ರಿಕ್ ಕೆಲೆಟ್ ಬೇರೆ ದಾರಿ ಹಿಡಿದ: ನೋವನ್ನ ಸರಿಯಾಗಿ ತಗ್ಗಿಸಿ, ಬೇಗ ಊಟ ಕೊಡಿ, ಬೇಗ ಎಬ್ಬಿಸಿ.

ನನ್ನಮ್ಮನಿಗೆ ಮಂಡಿ ಆಪರೇಷನ್ ಆದಾಗ ಈ ಇಡೀ ಚರಿತ್ರೆ ನಮ್ಮ ಹಾಲ್‌ನಲ್ಲೇ ಜಗಳವಾಡ್ತು. "ಅಕ್ಕಾ, ಹೊಲಿಗೆ ಇನ್ನೂ ಹಸಿ ಇದೆ, ಸುಮ್ನೆ ಮಲ್ಕೋ" ಅಂತ ಚಿಕ್ಕಮ್ಮ. "ಏಳಿ ಅಮ್ಮಾ, ಬಾಗಿಲ ತನಕ ಹೋಗಿ ಬರೋಣ" ಅಂತ ಫಿಸಿಯೋ. ಚಿಕ್ಕಮ್ಮನ ಬಾಯಲ್ಲಿ ಹಿಲ್ಟನ್, ಫಿಸಿಯೋ ಬಾಯಲ್ಲಿ ಕೆಲೆಟ್! ಅಮ್ಮ ಗೆದ್ದದ್ದು ಮಾತ್ರೆಯಿಂದ. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ ತಗೊಂಡು, ಸ್ವಲ್ಪ ಹೊತ್ತು ಬಿಟ್ಟು ವ್ಯಾಯಾಮ. ದಿನಕ್ಕೆ ನಾಲ್ಕೈದು ಸಲ ಪುಟ್ಟ ನಡಿಗೆ, ಆಮೇಲೆ ಕಾಲೆತ್ತಿಟ್ಟು ಐಸ್. ಮೊದಲ ವಾರಗಳಲ್ಲಿ ಮಡಚದ ಮಂಡಿ ಒಳಗೇ ಗಾಯದ ನಾರು ಬೆಳೆದು ಬಿಗಿಯುತ್ತೆ, ಆಮೇಲೆ ಸಡಿಲಿಸೋದು ಕಷ್ಟ.

ಹಾಗಂತ ಹಟ ಬೇಡ. ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ, ಲೀವ್ ಹಾಕಿ ಊರಿಗೆ ಹೋಗೋ ಮಕ್ಕಳೇ, ಕಾಫಿಯನ್ನ ಹಾಸಿಗೆಗೇ ತಂದುಕೊಡಬೇಡಿ. ಅಡುಗೆಮನೇಲಿ ಲೋಟಕ್ಕೆ ಬಗ್ಗಿಸಿಟ್ಟು, ಅವರ ಪಕ್ಕದಲ್ಲೇ ನಡೆದು ಅಲ್ಲಿಗೆ ಕರಕೊಂಡು ಹೋಗಿ.