ಎಲೆಕ್ಟ್ರಾನಿಗೂ ಒಂದು ಬಿಲ್ಲು

ಎಲೆಕ್ಟ್ರಾನ್ ಕಳೆದುಕೊಂಡರೆ ಉತ್ಕರ್ಷಣ, ಪಡೆದರೆ ಅಪಕರ್ಷಣ. ಶಾಲೆಯಲ್ಲಿ ಉರು ಹೊಡೆದದ್ದು ನೆನಪಿದೆಯೇ?

ಕೊಚ್ಚಿಯ ಹತ್ತಿರ, ಪೆರಿಯಾರ್ ದಡದ ಅಲುಪುರಂನಲ್ಲಿ 1943ರಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಅದೇ ಪಾಠದಿಂದ ಲೋಹ ತೆಗೆಯಿತು. ಸುಮಾರು 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಕ್ರಯೋಲೈಟ್, ಅದರಲ್ಲಿ ಅಲ್ಯೂಮಿನಾ ಪುಡಿ. ವಿದ್ಯುತ್ ಹರಿಸಿದರೆ ಪ್ರತಿ ಅಲ್ಯೂಮಿನಿಯಂ ಅಯಾನು ಮೂರು ಎಲೆಕ್ಟ್ರಾನ್ ಪಡೆದು ಲೋಹವಾಗುತ್ತದೆ. ಇಂಗಾಲದ ಧನಾಗ್ರ ಉತ್ಕರ್ಷಣಗೊಂಡು ಸವೆಯುತ್ತದೆ. ಪುಡಿ ದೂರದಿಂದ ಬರಬೇಕಿತ್ತು. ಹಾಗಿದ್ದರೂ ಅಲ್ಲೇ ಏಕೆ? 1940ರಲ್ಲಿ ಶುರುವಾದ ಪಳ್ಳಿವಾಸಲ್ ಜಲವಿದ್ಯುತ್ತಿಗಾಗಿ! ಕಿಲೋ ಲೋಹಕ್ಕೆ ಇಂದಿಗೂ ಸುಮಾರು 14 ಯೂನಿಟ್ ಬೇಕು. ಕರೆಂಟು ದುಬಾರಿಯಾಯಿತು, ಆ ಕುಲುಮೆಗಳೂ ಆರಿದವು.

1946ರಲ್ಲಿ ಸ್ಥಾಪನೆಯಾದ ತಿರುವನಂತಪುರದ ಟ್ರಾವಂಕೂರ್ ಟೈಟಾನಿಯಂನದು ಬಿಳಿ ಬಣ್ಣದ ಪುಡಿಯ ಕಸುಬು. ಆ ವಿಧಾನದಲ್ಲಿ ಫೆರಿಕ್ ಕಬ್ಬಿಣ ಉಳಿದರೆ ಬಿಳುಪು ಕೆಡುತ್ತದೆ. ಅದನ್ನು ಫೆರಸ್ ಮಾಡಲು ಎಲೆಕ್ಟ್ರಾನ್ ಕೊಡುವುದು ಬರೀ ಗುಜರಿ ಕಬ್ಬಿಣ.