ವಿಶ್ವವಿದ್ಯಾಲಯದ ಸಂಬಳ: ಯಾರೊಡನೆ ಯಾರ ಒಪ್ಪಂದ?

ಅತಿಥಿ ಉಪನ್ಯಾಸಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಬೇರೆ ಬೇರೆ ಸಂದರ್ಭಗಳಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. "ಸಾರ್, ಬ್ಯಾಂಕಿನವರಿಗೆ ಐದು ವರ್ಷಕ್ಕೊಮ್ಮೆ ವೇತನ ಒಪ್ಪಂದವಾಗುತ್ತದೆ. ಸಂಘದವರೂ ಆಡಳಿತದವರೂ ಎದುರುಬದುರು ಕುಳಿತು ಸಹಿ ಹಾಕುತ್ತಾರೆ. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ದುಡಿಯುವವರಿಗೆ ಅಂಥದ್ದೇಕಿಲ್ಲ?" ಪ್ರಶ್ನೆ ಸಣ್ಣದು. ಉತ್ತರಕ್ಕೆ ಮಾತ್ರ ಅರವತ್ತು ವರ್ಷಗಳ ಇತಿಹಾಸವನ್ನು ತಿರುವಿಹಾಕಬೇಕಾಗುತ್ತದೆ. ಸಮಾಜಶಾಸ್ತ್ರದ ಪಠ್ಯದಲ್ಲಿ ನಾನಿದನ್ನು ಎಂದೂ ಪಾಠ ಮಾಡಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಪ್ಪಂದದ ಬಾಗಿಲನ್ನು ತೆರೆದದ್ದು ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆ. ಕಾರ್ಮಿಕ ಸಂಘವು ಬೇಡಿಕೆಗಳ ಪಟ್ಟಿಯನ್ನು ಸಲ್ಲಿಸುತ್ತದೆ. ಆಡಳಿತವರ್ಗ ಮಾತುಕತೆಗೆ ಕೂರುತ್ತದೆ. ಮಾತು ಮುರಿದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ನಡುವೆ ಬರುತ್ತಾನೆ. ಅವನ ಮುಂದೆ ಆದ ಒಪ್ಪಂದವು ಸಂಘದ ಸದಸ್ಯರಲ್ಲದವರಿಗೂ ಅನ್ವಯಿಸುತ್ತದೆ. ಅದೂ ಫಲಿಸದಿದ್ದರೆ ಆ ಕಾಯಿದೆಯಡಿ ಸರ್ಕಾರವು ವಿವಾದವನ್ನು ನ್ಯಾಯಮಂಡಳಿಗೆ ಒಪ್ಪಿಸಬಹುದಿತ್ತು. ಆದರೆ ಈ ಬಾಗಿಲಿನ ಒಳಗೆ ಹೋಗಬೇಕಾದರೆ ಸಂಸ್ಥೆ 'ಕೈಗಾರಿಕೆ'ಯಾಗಿರಬೇಕು, ದುಡಿಯುವವನು 'ಕಾರ್ಮಿಕ'ನಾಗಿರಬೇಕು.

ವಿಶ್ವವಿದ್ಯಾಲಯ ಕೈಗಾರಿಕೆಯೇ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವನು ಪ್ರಾಧ್ಯಾಪಕನಲ್ಲ, ಒಬ್ಬ ಬಸ್ ಚಾಲಕ. ದೆಹಲಿ ವಿಶ್ವವಿದ್ಯಾಲಯವು ವಿದ್ಯಾರ್ಥಿನಿಯರಿಗಾಗಿ ಬಸ್ಸುಗಳನ್ನು ಓಡಿಸುತ್ತಿತ್ತು. ನಷ್ಟವೆಂದು ನಿಲ್ಲಿಸಿದಾಗ ಕೆಲಸ ಕಳೆದುಕೊಂಡ ರಾಮನಾಥ್ ಪರಿಹಾರ ಕೇಳಿದ. ೧೯೬೩ರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು (ಹೆಸರಿನಲ್ಲಿಯೇ ನಮ್ಮ ಗಜೇಂದ್ರಗಡವನ್ನು ಹೊತ್ತವರು) ವಿಶ್ವವಿದ್ಯಾಲಯ ಕೈಗಾರಿಕೆಯಲ್ಲವೆಂದು ತೀರ್ಪಿತ್ತರು. ಅಲ್ಲಿನ ಮುಖ್ಯ ಕಾರ್ಯ ವಿದ್ಯಾದಾನ. ವಿದ್ಯೆ ಕಲಿಸುವವರು ಕಾರ್ಮಿಕರಲ್ಲ. ಆದ್ದರಿಂದ ಚಾಲಕನಿಗೂ ಆ ಕಾಯಿದೆಯ ರಕ್ಷಣೆಯಿಲ್ಲ. ಗುರುಗಳ ಹಿರಿಮೆಯ ಹೆಸರಿನಲ್ಲಿ ಚಾಲಕನ ಅನ್ನ ಹೋಯಿತೆಂದೇ ನನಗನ್ನಿಸುತ್ತದೆ.

ಹದಿನೈದು ವರ್ಷಗಳ ನಂತರ ಆ ತೀರ್ಪನ್ನು ಅಳಿಸಿದ ಮೊಕದ್ದಮೆ ನಮ್ಮ ಬೆಂಗಳೂರಿನದು. ಜಲಮಂಡಳಿಯು ದುರ್ನಡತೆಯ ಆರೋಪದ ಮೇಲೆ ಕೆಲವು ನೌಕರರಿಗೆ ದಂಡ ಹಾಕಿ ವಸೂಲು ಮಾಡಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, 'ನಾವು ಕೈಗಾರಿಕೆಯೇ ಅಲ್ಲ' ಎಂದು ಮಂಡಳಿ ವಾದಿಸಿತು. ೧೯೭೮ರ ಫೆಬ್ರವರಿ ೨೧ರಂದು ಏಳು ನ್ಯಾಯಮೂರ್ತಿಗಳ ಪೀಠವು ತೀರ್ಪು ನೀಡಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಂತೆ ವಿಶ್ವವಿದ್ಯಾಲಯಗಳೂ ಕೈಗಾರಿಕೆಯ ವ್ಯಾಪ್ತಿಗೆ ಬಂದವು. ಗುಮಾಸ್ತರು, ಅಟೆಂಡರುಗಳು, ಚಾಲಕರು, ಮಾಲಿಗಳಿಗೆ ಬಾಗಿಲು ತೆರೆಯಿತು.

ಬೋಧಕರು ಹೊರಗೇ ಉಳಿದರು. ಗೋವೆಯ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ೧೯೮೮ರಲ್ಲಿ ಸುಪ್ರೀಂ ಕೋರ್ಟ್, ಶಾಲೆ ಕೈಗಾರಿಕೆಯಾದರೂ ಪಾಠ ಹೇಳುವವರು ಕಾರ್ಮಿಕರಲ್ಲ ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು ನಮ್ಮ ಮಂಡ್ಯ ಜಿಲ್ಲೆಯವರು, ಮರುವರ್ಷ ದೇಶದ ಮುಖ್ಯ ನ್ಯಾಯಮೂರ್ತಿಗಳಾದವರು. ಶಿಕ್ಷಕರ ರಕ್ಷಣೆಗೆ ಬೇರೆ ಕಾನೂನು ಬೇಕೆಂಬ ಮಾತನ್ನೂ ಅವರು ಅದರಲ್ಲಿ ಸೇರಿಸಿದರು. ಖಾಸಗಿ ಸಂಸ್ಥೆಗಳ ಶಿಕ್ಷಕರಿಗಾಗಿ ಕರ್ನಾಟಕದಲ್ಲಿ ೧೯೭೫ರಿಂದಲೇ ಅಂಥ ಕಾಯಿದೆಯಿತ್ತು. ಆದರೆ ಅದು ಶಿಸ್ತುಕ್ರಮದ ವಿರುದ್ಧ ಮೇಲ್ಮನವಿಯ ದಾರಿಯೇ ಹೊರತು ಸಂಬಳ ಮಾತನಾಡುವ ದಾರಿಯಲ್ಲ. ೧೯೪೭ರ ಕಾಯಿದೆಯ ಸ್ಥಾನಕ್ಕೆ ೨೦೨೫ರ ನವೆಂಬರ್ ೨೧ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರ 'ಕಾರ್ಮಿಕ' ಎಂಬ ವಿವರಣೆಯಲ್ಲಿ ಪತ್ರಕರ್ತರ ಹೆಸರಿದೆ, ಬೋಧಕರ ಹೆಸರಿಲ್ಲ.

ಹಾಗಾದರೆ ಪ್ರಾಧ್ಯಾಪಕರ ಸಂಬಳ ಏರುವುದು ಹೇಗೆ? ಯುಜಿಸಿ ಒಂದು ಸಮಿತಿಯನ್ನು ನೇಮಿಸುತ್ತದೆ. ಸಮಿತಿ ವರದಿ ಕೊಡುತ್ತದೆ. ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆಯುತ್ತದೆ. ರಾಜ್ಯ ಸರ್ಕಾರ ಆದೇಶ ಹೊರಡಿಸುತ್ತದೆ. ಮೆಹ್ರೋತ್ರಾ ಸಮಿತಿಯ ವರದಿಯ ನಂತರ ೧೯೮೭ರ ಜೂನ್ ೧೭ರಂದು ಬಂದ ಕೇಂದ್ರದ ಪತ್ರವು ಅಧ್ಯಾಪಕರಿಗೆ ಸಮಾಧಾನ ತರಲಿಲ್ಲ. ಉಪನ್ಯಾಸಕರ ಆರಂಭದ ಸಂಬಳ ೭೦೦ ರೂಪಾಯಿಯಿಂದ ೨,೨೦೦ಕ್ಕೆ ಏರಿತ್ತೇನೋ ನಿಜ. ಬಡ್ತಿಯ ಷರತ್ತುಗಳು ಕಠಿಣವಾಗಿದ್ದವು. ಆ ಆಗಸ್ಟ್‌ನಲ್ಲಿ ಅಖಿಲ ಭಾರತ ಅಧ್ಯಾಪಕ ಸಂಘಗಳ ಒಕ್ಕೂಟ ದೇಶವ್ಯಾಪಿ ಮುಷ್ಕರ ಹೂಡಿತು. ಪಾಠಗಳು ನಿಂತವು. ಮಾತುಕತೆಗಳಾದವು. ತಿದ್ದುಪಡಿಗಳು ಬಂದದ್ದು ೧೯೮೮ರ ಜುಲೈ ೨೨ರ ಇನ್ನೊಂದು ಪತ್ರದಲ್ಲಿ. ೧೯೯೮ರಲ್ಲಿಯೂ ಇದೇ ಕಥೆ, ಆಗ ರಸ್ತೋಗಿ ಸಮಿತಿ.

ಇಲ್ಲಿ ಗಮನಿಸಬೇಕಾದದ್ದು, ನೇಮಿಸಿಕೊಂಡ ವಿಶ್ವವಿದ್ಯಾಲಯವೇ ಮೇಜಿನ ಬಳಿ ಇಲ್ಲ! ಹಣದ ಚೀಲ ಬೇರೆಯವರ ಕೈಯಲ್ಲಿದೆ. ಅದೂ ಒಂದೇ ಕೈಯಲ್ಲಿಲ್ಲ. ೨೦೦೬ರ ಜನವರಿ ೧ರಿಂದ ಸಲ್ಲಬೇಕಾದ ವೇತನಕ್ಕೆ ೨೦೧೦ರ ಮಾರ್ಚ್‌ವರೆಗಿನ ಹೆಚ್ಚುವರಿ ವೆಚ್ಚದಲ್ಲಿ ಶೇ. ೮೦ ಕೇಂದ್ರದ್ದು, ಶೇ. ೨೦ ರಾಜ್ಯದ್ದು. ಕರ್ನಾಟಕದ ಆದೇಶ ಹೊರಟದ್ದು ೨೦೦೯ರ ಡಿಸೆಂಬರ್‌ನಲ್ಲಿ. ಮುಂದಿನ ಸಲ ಕೇಂದ್ರದ ಪಾಲು ಶೇ. ೫೦ಕ್ಕೆ ಇಳಿಯಿತು.

ಹೊಯ್ಸಳರ ನಾಡಿನವರಾದ ನಮಗೆ ಶಾಸನಗಳ ಪರಿಚಯವಿದೆ. ದತ್ತಿ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ತಪ್ಪಿದವರಿಗೆ ಶಾಪ, ಎಲ್ಲವನ್ನೂ ಕಲ್ಲಿನ ಮೇಲೆ ಕೊರೆಸಿರುತ್ತಾರೆ. ಸರ್ಕಾರಿ ಆದೇಶದಲ್ಲಿ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂಬುದರ ಕೆಳಗೆ ಅಧೀನ ಕಾರ್ಯದರ್ಶಿಯ ಒಂದೇ ಸಹಿ. ಪಡೆಯುವವನ ಸಹಿಗೆ ಜಾಗವಿಲ್ಲ.

ಆಸ್ಟ್ರೇಲಿಯಾದಲ್ಲಿರುವ ನಮ್ಮ ಬಂಧುಗಳಿಗೆ ಇದು ವಿಚಿತ್ರವೆನಿಸೀತು. ಅಲ್ಲಿ ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನ ಸಿಬ್ಬಂದಿಯೊಡನೆ ಹೆಚ್ಚೆಂದರೆ ನಾಲ್ಕು ವರ್ಷ ಅವಧಿಯ ಒಪ್ಪಂದ ಮಾಡಿಕೊಳ್ಳುತ್ತದೆ. ಕರಡನ್ನು ಸಿಬ್ಬಂದಿ ಮತ ಹಾಕಿ ಒಪ್ಪಬೇಕು, ಆಮೇಲೆ ಒಂದು ಸ್ವತಂತ್ರ ಆಯೋಗವು ಅನುಮೋದಿಸಬೇಕು. ಸಂಬಳದ ಜೊತೆಗೆ ಕೆಲಸದ ಹೊರೆಯನ್ನೂ ಅದರಲ್ಲೇ ಬರೆಯುತ್ತಾರೆ.

ಈ ಕೆಲಸದ ಹೊರೆಯ ಮಾತು ನಮ್ಮವರಿಗೆ ಹೇಗೆ ತಟ್ಟಿತೆಂಬುದನ್ನು ಹೇಳಬೇಕು. ಅರಸೀಕೆರೆ, ಬೇಲೂರು ಸೇರಿದಂತೆ ರಾಜ್ಯದ ೪೦೦ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ೧೪,೦೦೦ದಷ್ಟು ಅತಿಥಿ ಉಪನ್ಯಾಸಕರಿದ್ದರು. ಅರ್ಹತೆಗನುಗುಣವಾಗಿ ತಿಂಗಳಿಗೆ ೧೧,೦೦೦ ಅಥವಾ ೧೩,೦೦೦ ರೂಪಾಯಿ ಗೌರವಧನ. ೨೦೨೧ರ ಡಿಸೆಂಬರ್ ೧೦ರಿಂದ ಅವರು ತರಗತಿ ಬಹಿಷ್ಕರಿಸಿದರು. ೨೦೨೨ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ೨೬,೦೦೦ದಿಂದ ೩೨,೦೦೦ ರೂಪಾಯಿಯವರೆಗೆ ಏರಿಸಿತು. ಸಂತೋಷದ ಸುದ್ದಿಯೇ. ಅದೇ ಆದೇಶದಲ್ಲಿ ವಾರದ ಬೋಧನೆಯೂ ೮ರಿಂದ ೧೦ ಗಂಟೆಯಷ್ಟಿದ್ದದ್ದು ೧೫ ಗಂಟೆಗೆ ಏರಿತು. ಲೆಕ್ಕ ಹಾಕಿ ನೋಡಿ: ಒಂದು ವಿಭಾಗದಲ್ಲಿ ವಾರಕ್ಕೆ ೩೦ ಗಂಟೆಗಳ ಪಾಠವಿದ್ದರೆ ಮೊದಲು ಮೂವರು ಬೇಕಿತ್ತು, ಈಗ ಇಬ್ಬರು ಸಾಕು. ಮೂರನೆಯವನೂ ಮುಷ್ಕರದ ಚಪ್ಪರದಲ್ಲಿ ಕುಳಿತವನೇ. ಹೀಗೆ ಹೊರಬಿದ್ದವರು ಸಾವಿರಾರು ಮಂದಿ. ಮೊತ್ತ ದೊಡ್ಡದಾಗಿ ಪತ್ರಿಕೆಗಳಲ್ಲಿ ಬಂತು. ಗಂಟೆಯ ಲೆಕ್ಕ ಪ್ರಾಂಶುಪಾಲರ ಕೊಠಡಿಯ ವೇಳಾಪಟ್ಟಿಯಲ್ಲಿ ಮೂಡಿತು.

೨೦೨೩ರ ನವೆಂಬರ್ ೨೩ರಿಂದ ಅವರು ಮತ್ತೆ ಮುಷ್ಕರ ಹೂಡಿದರು. ೨೦೨೪ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿನತ್ತ ಪಾದಯಾತ್ರೆ ನಡೆಯಿತು. ಸೇವಾವಧಿಯನ್ನು ನೋಡಿ ೫,೦೦೦ದಿಂದ ೮,೦೦೦ ರೂಪಾಯಿ ಹೆಚ್ಚಳ, ಆರೋಗ್ಯ ವಿಮೆ, ಅರವತ್ತು ತುಂಬಿದಾಗ ೫ ಲಕ್ಷ ರೂಪಾಯಿ ಇಡಿಗಂಟು ಎಂದು ಸರ್ಕಾರ ಘೋಷಿಸಿತು. ಅವರು ಮೊದಲ ಸಾಲಿನಲ್ಲಿ ಬರೆದುಕೊಟ್ಟಿದ್ದ ಬೇಡಿಕೆ ಸೇವೆ ಖಾಯಂ ಮಾಡಬೇಕೆಂಬುದು. ಘೋಷಣೆಯಲ್ಲಿ ಆ ಸಾಲು ಇರಲಿಲ್ಲ.